ಒಂದು ಮುದ್ರೆಯ ಹಿಂದಿನ ಹಲವು ಕೈಗಳು

ಪ್ಯಾರಿಸ್‌ನ ಕಾರ್ಟಿಯೇ ಆಭರಣ ಮಳಿಗೆ ಹುಟ್ಟಿದ್ದು 1847ರಲ್ಲಿ, ಲೂಯಿ-ಫ್ರಾಂಸ್ವಾ ಕಾರ್ಟಿಯೇ ತನಗೆ ಕಸುಬು ಕಲಿಸಿದ ಯಜಮಾನನ ಕಾರ್ಯಾಗಾರವನ್ನು ವಹಿಸಿಕೊಂಡಾಗ. ಆಮೇಲಿನ ಐವತ್ತು ವರ್ಷಗಳಲ್ಲಿ ಅಲ್ಲಿ ವ್ಯಾಪಾರ ಕುದುರಿತು, ಗಿರಾಕಿಗಳು ಹೆಚ್ಚಿದರು. ಕಂಡ ಕೂಡಲೇ ಇದು ಅವರದೇ ಒಡವೆ ಎಂದು ಹೇಳಬಹುದಾದ ಶೈಲಿ ಮಾತ್ರ ಇನ್ನೂ ಮೂಡಿರಲಿಲ್ಲ. ಅದು ಮೂಡಿದ್ದು ಮೊಮ್ಮಕ್ಕಳಾದ ಲೂಯಿ, ಪಿಯರ್ ಮತ್ತು ಜಾಕ್ ಅವರ ಕಾಲದಲ್ಲಿ. ಹಾಗಾಗಿ ಅದರ ಕೀರ್ತಿಯನ್ನೆಲ್ಲ ಮನೆತನಕ್ಕೆ ಒಪ್ಪಿಸುವುದು ವಾಡಿಕೆ. ಒಡವೆಗಳ ಚರಿತ್ರೆ ಬೇರೆ ಮಾತು ಹೇಳುತ್ತದೆ. ಆರಿಸಬಲ್ಲ ಕಣ್ಣು, ಚಿತ್ರ ಬರೆಯಬಲ್ಲ ಕೈ, ಪ್ಯಾರಿಸ್ ತಲುಪುವ ಮುನ್ನವೇ ಹರಳಿಗೆ ರೂಪ ಕೊಟ್ಟಿದ್ದ ಭಾರತದ ಕೆತ್ತನೆ, ಈ ಮೂರೂ ಕೂಡಿದ್ದರಿಂದ ಆ ಶೈಲಿ ಸಾಧ್ಯವಾಯಿತು.

ಮೊದಲ ಕಣ್ಣು ಲೂಯಿ ಕಾರ್ಟಿಯೇಯದು. 1899ರಲ್ಲಿ ಮಳಿಗೆ ರ್ಯೂ ದ ಲಾ ಪೇ ಬೀದಿಗೆ ಬಂದಾಗ ಯುರೋಪಿನ ವಜ್ರದೊಡವೆಗಳಿಗೆ ಬೆಳ್ಳಿಯ ಕಟ್ಟೇ ರೂಢಿ. ಬೆಳ್ಳಿ ಮೆದು, ಹರಳು ನಿಲ್ಲಲು ದಪ್ಪ ಕಟ್ಟು ಬೇಕು, ಮೇಲಾಗಿ ಅದು ಕಪ್ಪಾಗುತ್ತದೆ. ಲೂಯಿ ಪ್ಲಾಟಿನಂ ಹಿಡಿದ. ಗಟ್ಟಿಯಾದ ಆ ಲೋಹವನ್ನು ಎಳೆಯಷ್ಟು ತೆಳುವಾಗಿಸಿದರೂ ಅದು ಹರಳನ್ನು ಬಿಡುವುದಿಲ್ಲ. ಹೂಮಾಲೆ, ರಿಬ್ಬನ್ನು, ಲೇಸುಗಳಂಥ ನವಿರು ವಿನ್ಯಾಸಕ್ಕೆ ದಾರಿಯಾದದ್ದು ಹೀಗೆ. ಚಿತ್ರಗಾರರಿಗೆ ಆತ ಕೊಟ್ಟ ಸೂಚನೆಯೂ ಗಮನಾರ್ಹ: ಬೇರೆ ಮಳಿಗೆಗಳ ಒಡವೆ ನೋಡಬೇಡಿ, ಹದಿನೆಂಟನೇ ಶತಮಾನದ ಮಾದರಿ ಪುಸ್ತಕಗಳನ್ನೂ ಪ್ಯಾರಿಸ್‌ನ ಹಳೆಯ ಕಟ್ಟಡಗಳನ್ನೂ ನೋಡಿ. 1909ರಲ್ಲಿ ಸೇರಿದ ಶಾರ್ಲ್ ಜಾಕೊ ಈ ಪಾಠವನ್ನು ಇನ್ನಷ್ಟು ದೂರ ಒಯ್ದ. 1910ರಲ್ಲಿ ರಷ್ಯನ್ ಬ್ಯಾಲೆ ತಂಡದ ‘ಶೆಹೆರಜಾದೆ’ ಪ್ಯಾರಿಸ್‌ನ ರಂಗದ ಮೇಲೆ ನೀಲಿ-ಹಸಿರುಗಳ ಹೊಳೆ ಹರಿಸಿತ್ತು. ನೀಲ ಮತ್ತು ಪಚ್ಚೆ ಒಟ್ಟಿಗಿರಬಾರದೆಂದು ನಂಬಿದ್ದ ಕಸುಬಿನಲ್ಲಿ ಜಾಕೊ ಅವೆರಡನ್ನೂ ಒಂದೇ ಒಡವೆಯಲ್ಲಿ ಕೂರಿಸಿದ. ಓನಿಕ್ಸ್, ಹವಳ, ಜೇಡ್‌ಗಳೂ ವಜ್ರದ ಪಕ್ಕಕ್ಕೆ ಬಂದವು. ಮುಂದೆ ಆರ್ಟ್ ಡೆಕೊ ಎನಿಸಿಕೊಂಡದ್ದರ ಬೀಜ ಅಲ್ಲಿತ್ತು.

ಮೂರನೆಯ ಎಳೆ ನಮ್ಮ ಕಡೆಯದು. 1911ರ ದಿಲ್ಲಿ ದರ್ಬಾರಿನ ಹೊತ್ತಿಗೆ ಜಾಕ್ ಕಾರ್ಟಿಯೇ ಭಾರತಕ್ಕೆ ಬಂದ. ಹಳೆಯ ಹರಳುಗಳನ್ನು ಪ್ಯಾರಿಸ್ ಮಾದರಿಯ ಪ್ಲಾಟಿನಂನಲ್ಲಿ ಮತ್ತೆ ಕಟ್ಟಿಸಿಕೊಳ್ಳುವ ಆಸೆ ಮಹಾರಾಜರಿಗೆ; ಎಲೆ, ಹೂ, ಕಾಯಿಗಳಾಗಿ ಕೆತ್ತಿದ ಪಚ್ಚೆ, ಮಾಣಿಕ್ಯ, ನೀಲಗಳನ್ನು ಕೊಳ್ಳುವ ಆಸೆ ಕಾರ್ಟಿಯೇ ಸೋದರರಿಗೆ. ಪಟಿಯಾಲದ ಭೂಪಿಂದರ್ ಸಿಂಗ್‌ಗಾಗಿ 1928ರಲ್ಲಿ ಮುಗಿದ, 2,930 ವಜ್ರಗಳ ಹಾರ ಮೊದಲ ಆಸೆಯ ಫಲ. ಮುಂದೆ ‘ಟುಟ್ಟಿ ಫ್ರುಟ್ಟಿ’ ಎಂದು ಹೆಸರಾದ ಬಣ್ಣಬಣ್ಣದ ಒಡವೆಗಳು ಎರಡನೆಯದರ ಫಲ. ಡೇಸಿ ಫೆಲೋಸ್‌ಗೆ 1936ರಲ್ಲಿ ಮಾಡಿಕೊಟ್ಟ ‘ಹಿಂದೂ ಹಾರ’ ಅವುಗಳಲ್ಲಿ ಪ್ರಸಿದ್ಧ. ಕೆತ್ತನೆ ಮೊಘಲ್ ಪರಂಪರೆಯದಿರಬಹುದು, ಜೋಡಣೆ ಪ್ಯಾರಿಸ್ಸಿನದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಜೋಡಣೆ ಅಲ್ಲಿಯದೇ. ಆದರೆ ಯುರೋಪಿನಲ್ಲಿ ಮೊದಲು ಚಿತ್ರ, ಆಮೇಲೆ ಅದಕ್ಕೆ ತಕ್ಕ ಹರಳು. ಇಲ್ಲಿ ಕ್ರಮ ತಿರುಗಿತು. ಒಂದರಂತೆ ಇನ್ನೊಂದಿಲ್ಲದ ಎಲೆಗಳು ಮೊದಲು ಬಂದವು, ಚಿತ್ರ ಅವುಗಳ ಅಂಕುಡೊಂಕಿಗೆ ಒಗ್ಗಿಕೊಂಡಿತು. ವಿನ್ಯಾಸದ ಅರ್ಧ ತೀರ್ಮಾನ ಕೆತ್ತಿದವನ ಕೈಯಲ್ಲೇ ಆಗಿಹೋಗಿತ್ತು.

ಚಿತ್ರ ಬರೆಯಲು ಬಾರದವರನ್ನು ವಿನ್ಯಾಸಕರೆನ್ನಬಹುದೇ? ಜಾನ್ ತೂಸ್ಸಾಂ ಈ ಪ್ರಶ್ನೆಗೆ ಉತ್ತರ. ಬೆಲ್ಜಿಯಂನ ಈ ಹೆಣ್ಣುಮಗಳು ಕಾರ್ಟಿಯೇಯಲ್ಲಿ ಕೈಚೀಲಗಳ ವಿಭಾಗ ನೋಡಿಕೊಂಡು, 1933ರಲ್ಲಿ ದುಬಾರಿ ಆಭರಣಗಳ ಕಲಾ ಹೊಣೆಗೇರಿದವಳು. ಪೆನ್ಸಿಲು ಆಕೆಯ ಸಾಧನವಲ್ಲ. ಚಿತ್ರಗಳು ಪಿಯರ್ ಲೆಮಾರ್ಶಾಂನವು. ಚಿರತೆ 1914ರಲ್ಲೇ ಒಂದು ಕೈಗಡಿಯಾರದ ಮೇಲೆ ಓನಿಕ್ಸ್ ಮಚ್ಚೆಗಳಾಗಿ ಬಂದಿತ್ತು. ಅದು ಮೈತುಂಬಿ ಎದ್ದು ಕೂತದ್ದು ಈ ಇಬ್ಬರ ಕಾಲದಲ್ಲಿ: 1948ರಲ್ಲಿ ವಿಂಡ್ಸರ್ ಡ್ಯೂಕ್ ಮಾಡಿಸಿದ ಬ್ರೂಚ್‌ನಲ್ಲಿ 116.74 ಕ್ಯಾರೆಟ್ಟಿನ ಪಚ್ಚೆಯ ಮೇಲೆ, ಮರುವರ್ಷ 152.35 ಕ್ಯಾರೆಟ್ಟಿನ ಕಾಶ್ಮೀರಿ ನೀಲದ ಮೇಲೆ. ಯಾವ ಪ್ರಾಣಿ, ಯಾವ ಭಂಗಿ, ಎಷ್ಟು ಹಳದಿ ಚಿನ್ನ, ಯಾವ ಕರಡು ಕಸದ ಬುಟ್ಟಿಗೆ ಎಂದು ನಿರ್ಧರಿಸುತ್ತಿದ್ದವಳು ತೂಸ್ಸಾಂ. ಆ ನಿರ್ಧಾರಗಳೂ ವಿನ್ಯಾಸವೇ.

ಹೆಸರು ಕರಗಿದ್ದರಿಂದಲೇ ಶೈಲಿ ಉಳಿಯಿತು, ಪ್ರತಿಯೊಬ್ಬ ಚಿತ್ರಗಾರನೂ ಸಹಿ ಹಾಕಿದ್ದರೆ ಅಲ್ಲಿ ಏಕತೆ ಇರುತ್ತಿರಲಿಲ್ಲ ಎಂಬುದು ಇನ್ನೊಂದು ಆಕ್ಷೇಪ. ನ್ಯೂಯಾರ್ಕಿನ ಟಿಫನಿ ಮಳಿಗೆ ಅದನ್ನು ಅಲ್ಲಗಳೆಯುತ್ತದೆ. 1956ರಲ್ಲಿ ಬಂದ ಜಾನ್ ಶ್ಲುಂಬರ್ಜೆ, 1974ರಲ್ಲಿ ಬಂದ ಎಲ್ಸಾ ಪೆರೆಟ್ಟಿ ಇಬ್ಬರ ಒಡವೆಗಳೂ ಅವರವರ ಹೆಸರಿನಲ್ಲೇ ಮಾರಾಟವಾದವು. ಮಳಿಗೆಯ ಹೆಸರೇನೂ ಮಸುಕಾಗಲಿಲ್ಲ. ಕಾರ್ಟಿಯೇಯಲ್ಲೂ 1969ರ ‘ಲವ್’ ಬಳೆಯನ್ನು ರೂಪಿಸಿದ ಆಲ್ಡೊ ಚಿಪುಲ್ಲೊನ ಹೆಸರನ್ನು ಮೊದಮೊದಲ ಬಳೆಗಳ ಮೇಲೆ ಕೊರೆಯಲಾಗಿತ್ತು. ಆ ಬಳೆ ಇಂದಿಗೂ ಬಿಕರಿಯಾಗುತ್ತಿದೆ. ಹೆಸರು ಮುಚ್ಚಿಡುವುದು ಶೈಲಿಗೆ ಬೇಕಾದ ಶಿಸ್ತಲ್ಲ, ಅದು ವ್ಯಾಪಾರದ ಅನುಕೂಲ. ಹಾಗೆಂದು ಲೂಯಿ ಕಾರ್ಟಿಯೇಯನ್ನು ಕೆಳಗಿಳಿಸಬೇಕಿಲ್ಲ. ಪ್ರತಿಭೆಯನ್ನು ಗುರುತಿಸಿ ಕೆಲಸ ಒಪ್ಪಿಸಿದ್ದು ಆತನ ದೊಡ್ಡತನ. ಒಪ್ಪಿಸಿಕೊಂಡವರನ್ನು ಹೆಸರಿಸಿದರೆ ಆ ದೊಡ್ಡತನ ಕುಗ್ಗುವುದಿಲ್ಲ. ಜಾಕೊನ ಚಿತ್ರಗಳು ಇಂದು ಪ್ಯಾರಿಸ್‌ನ ಪೆಟಿ ಪಲೇ ಸಂಗ್ರಹಾಲಯದಲ್ಲಿವೆ, ತೂಸ್ಸಾಂಳ ಹೆಸರು ಪುಸ್ತಕಗಳಿಗೆ ಬಂದಿದೆ. ಪ್ರದರ್ಶನಗಳ ವಿವರಫಲಕಗಳಲ್ಲಿ ಮಳಿಗೆಯ ಹೆಸರಿನ ಕೆಳಗೆ ಚಿತ್ರಗಾರನ ಹೆಸರೂ, ಹರಳು ಕೆತ್ತಿದ ನಾಡಿನ ಹೆಸರೂ ತಪ್ಪದೆ ಬರಬೇಕು.