ಮುದ್ದೆ, ಹುರುಳಿ ಮತ್ತು ಲೈಸಿನ್ ಲೆಕ್ಕ

ಗುಮಟಾಪುರ ಅಂದರೆ ದೀಪಾವಳಿ ಹೊತ್ತಿನ ಗೊರೆಹಬ್ಬವೇ ಹೆಚ್ಚಿನವರಿಗೆ ನೆನಪಾಗುತ್ತೆ. ನಾನು ಇವತ್ತು ಮಾತಾಡೋದು ನಮ್ಮ ತಾಳವಾಡಿ ಸೀಮೆಯ ಊಟದ ಬಗ್ಗೆ: ರಾಗಿ ಮುದ್ದೆ, ಅದಕ್ಕೆ ಹುರುಳಿ ಇಲ್ಲವೇ ಅವರೆಕಾಳಿನ ಸಾರು. ಈ ಜೋಡಿಯ ಗುಟ್ಟು ಲೈಸಿನ್ ಎಂಬ ಅಮೈನೋ ಆಮ್ಲದಲ್ಲಿದೆ.

ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳಲ್ಲಿ ಲೈಸಿನ್ ಒಂದು. ಇದನ್ನು 1889ರಲ್ಲಿ ಡ್ರೆಕ್ಸೆಲ್ ಹಾಲಿನ ಕೇಸಿನ್‌ನಿಂದ ಬೇರ್ಪಡಿಸಿದರು. 1914ರಲ್ಲಿ ಅಮೆರಿಕದ ಆಸ್ಬಾರ್ನ್ ಮತ್ತು ಮೆಂಡೆಲ್, ಲೈಸಿನ್ ತೀರಾ ಕಡಿಮೆ ಇರುವ ಗೋಧಿಯ ಗ್ಲಯಾಡಿನ್ ಪ್ರೋಟೀನನ್ನಷ್ಟೇ ಕೊಟ್ಟು ಎಳೆ ಇಲಿಗಳನ್ನು ಸಾಕಿದರು. ಇಲಿಗಳು ಬದುಕಿದವು, ಆದರೆ ಬೆಳೆಯಲಿಲ್ಲ. ಲೈಸಿನ್ ಬೆರೆಸಿದ ಮೇಲೆ ಬೆಳೆದವು.

ಲೈಸಿನ್‌ಗೆ ಕೆಲಸ ಹಲವು. ಸ್ನಾಯು, ಕಿಣ್ವಗಳ ಪ್ರೋಟೀನಿಗೆ ಇದು ಬೇಕು. ಚರ್ಮ, ಮೂಳೆಗಳ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದೂ ಇದೇ. ಕೊಬ್ಬನ್ನು ಜೀವಕೋಶದ ಮೈಟೋಕಾಂಡ್ರಿಯಾಕ್ಕೆ ಸಾಗಿಸುವ ಕಾರ್ನಿಟಿನ್ ತಯಾರಾಗೋದೂ ಲೈಸಿನ್ ಮತ್ತು ಮೆಥಿಯೋನಿನ್‌ನಿಂದ.

ಈಗ ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ ವಯಸ್ಕರಿಗೆ ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ 30 ಮಿ.ಗ್ರಾಂ ಲೈಸಿನ್ ಬೇಕು. 50 ಕೆಜಿ ತೂಗುವವರಿಗೆ 1500 ಮಿ.ಗ್ರಾಂ. ಮಕ್ಕಳಿಗೆ ಕೆಜಿ ಲೆಕ್ಕದಲ್ಲಿ ಇನ್ನೂ ಹೆಚ್ಚು. 100 ಗ್ರಾಂ ರಾಗಿಯಲ್ಲಿ ಸಿಗೋದು ಸುಮಾರು 200 ಮಿ.ಗ್ರಾಂ. ದಿನಕ್ಕೆ 300 ಗ್ರಾಂ ರಾಗಿ ತಿಂದರೂ 600 ದಾಟಲ್ಲ. 100 ಗ್ರಾಂ ಹುರುಳಿಯಲ್ಲಾದರೆ ಸುಮಾರು 1500 ಮಿ.ಗ್ರಾಂ ಇದೆ, 60 ಗ್ರಾಂ ಹುರುಳಿ ಸೇರಿದರೆ ಉಳಿದ 900 ತುಂಬುತ್ತೆ. ಜೀರ್ಣವಾಗದೆ ಹೋಗುವ ಪಾಲನ್ನು ಹಾಲು, ಮಜ್ಜಿಗೆ, ಮೊಟ್ಟೆ, ಮೀನು, ಮಾಂಸ ಸರಿದೂಗಿಸಬಲ್ಲವು. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನು ರಾಗಿ ಕೊಡುತ್ತೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತೆ.

ಇಲ್ಲೊಂದು ಎಚ್ಚರಿಕೆ ಬೇಕು. ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿಕೊಂಡು, ಬೆಂದ ಕಾಳನ್ನು ದನಕ್ಕೆ ಇಡುವ ರೂಢಿ ಹಳ್ಳಿಗಳಲ್ಲಿದೆ. ಕಟ್ಟಿಗೆ ರುಚಿ ಇಳಿಯುತ್ತೆ ನಿಜ. ಪ್ರೋಟೀನಿನ ಹೆಚ್ಚಿನ ಪಾಲು ಮಾತ್ರ ಕಾಳಲ್ಲೇ ಉಳಿಯುತ್ತೆ. ಅಂದರೆ ಲೈಸಿನ್ ಹೋಗೋದು ಎತ್ತಿನ ಬಾನಿಗೆ. ರಾಗಿಯ ಜಾಗಕ್ಕೆ ರೇಷನ್ ಅಕ್ಕಿ ಬಂದರೂ ಈ ಮಾತು ಬದಲಾಗಲ್ಲ. ಅಕ್ಕಿಯಲ್ಲೂ ಲೈಸಿನ್ ಕಡಿಮೆಯೇ.

ಆದ್ದರಿಂದ ಊಟದ ಸಮೀಕ್ಷೆಗೆ ಹೋದಾಗ "ಏನು ಸಾರು?" ಅಂತ ಕೇಳಿ ನಿಲ್ಲಿಸಬಾರದು. "ಕಾಳು ಯಾರ ತಟ್ಟೆಗೆ ಬಿತ್ತು?" ಅಂತಲೂ ಕೇಳಬೇಕು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಮೊದಲು ಸಿಗಬೇಕಾದ್ದು ಅದೇ.