'ತರುವಾಯ' ಎಂಬ ಪದ: ಮಗುವಿನ ಚಿಕಿತ್ಸೆ, ಪಾಲಕರ ಹಕ್ಕು ಮತ್ತು ಕಾನೂನು

ಮಗುವಿನ ಶಸ್ತ್ರಚಿಕಿತ್ಸೆಗೆ ಮುನ್ನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡತಕ್ಕವರು ಯಾರು ಎಂಬುದು ಮೇಲ್ನೋಟಕ್ಕೆ ಆಸ್ಪತ್ರೆಯ ಆಡಳಿತಕ್ಕೆ ಸೇರಿದ ಪ್ರಶ್ನೆ. ಮೂಲತಃ ಅದು ಅರ್ಥನಿರ್ಣಯದ ಪ್ರಶ್ನೆಯೂ ಹೌದು. ರೋಣ ತಾಲ್ಲೂಕಿನ ಅಬ್ಬಿಗೇರಿಯಂತಹ ಮಳೆಯಾಶ್ರಿತ ಸೀಮೆಯ ಊರುಗಳಿಗೆ ದುಡಿಮೆಯ ಗುಳೆ ಹೊಸತಲ್ಲ. ತಂದೆ ಪರಸ್ಥಳದಲ್ಲಿರುವಾಗ ಮಗುವನ್ನು ಆಸ್ಪತ್ರೆಗೆ ತಂದ ತಾಯಿಯ ಅಥವಾ ಅಜ್ಜಿಯ ಸಮ್ಮತಿಗೆ ಕಾನೂನಿನಲ್ಲಿರುವ ಬೆಲೆ ಎಷ್ಟು ಎಂಬುದು ಇಲ್ಲಿ ವಿಚಾರಣೀಯ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 6ನೆಯ ಕಲಮು ತಂದೆಯನ್ನೂ, ಆತನ 'ತರುವಾಯ' ತಾಯಿಯನ್ನೂ ಸಹಜ ಪಾಲಕರೆಂದು ಹೇಳುತ್ತದೆ. 'ತರುವಾಯ' ಎಂಬುದನ್ನು 'ಮರಣಾನಂತರ' ಎಂದು ಗ್ರಹಿಸಿದರೆ, ತಂದೆ ಬದುಕಿರುವವರೆಗೆ ತಾಯಿಗೆ ಅಧಿಕಾರವೇ ಇಲ್ಲವಾಗುತ್ತದೆ. 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು 'ತಂದೆಯ ಗೈರುಹಾಜರಿಯಲ್ಲಿ' ಎಂದು ಅರ್ಥೈಸಿತು. ತಾತ್ಕಾಲಿಕ ಗೈರುಹಾಜರಿ, ಮಗುವಿನ ಬಗೆಗಿನ ಸಂಪೂರ್ಣ ಉದಾಸೀನ, ಕಾಯಿಲೆಯಿಂದಾದ ಅಸಮರ್ಥತೆಗಳೂ ಈ ಅರ್ಥದಲ್ಲಿ ಅಡಕವಾದವು. ಆ ವ್ಯಾಜ್ಯ ಹುಟ್ಟಿದ್ದು ಮಗುವಿನ ಹೆಸರಿನ ಹೂಡಿಕೆಯ ವಿಷಯದಲ್ಲಾದರೂ, ಗುಳೆ ಹೋದವನ ಮಡದಿಯ ಸಹಿಗೆ ಅದರಿಂದ ಬಲ ಬಂದಿತೆನ್ನಬಹುದು.

ವೈದ್ಯನ ರಕ್ಷಣೆಯನ್ನು ದಂಡ ಕಾನೂನು ಬೇರೆಯಾಗಿ ವಿವರಿಸುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 89ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮಾಗಿ ಮುಂದುವರಿದಿದೆ. ಹನ್ನೆರಡು ತುಂಬದ ಮಗುವಿನ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಕ್ರಿಯೆಗೆ ಪಾಲಕನ, ಅಥವಾ ಕಾನೂನುಬದ್ಧವಾಗಿ ಮಗುವಿನ ಹೊಣೆ ಹೊತ್ತ ಇತರರ ಸಮ್ಮತಿ ಸಾಕು. ಅದು ಸೂಚ್ಯವಾಗಿಯೂ ಇರಬಹುದು. ಅಜ್ಜಿಗೆ ಎಡೆ ದೊರೆಯಬಹುದಾದುದು ಈ 'ಇತರರ' ಸಾಲಿನಲ್ಲಿಯೇ. ಸಮ್ಮತಿ ಪಡೆಯಲು ವೇಳೆಯೇ ಇಲ್ಲದಿದ್ದಲ್ಲಿ ಹಳೆಯ 92ನೆಯ, ಇಂದಿನ 30ನೆಯ ಕಲಮು ಅನ್ವಯಿಸುತ್ತದೆ. ಅಪಘಾತಕ್ಕೀಡಾದ ಮಗು ಬೇಡವೆಂದು ಅಂಗಲಾಚಿದರೂ, ಅದರ ಹಿತಕ್ಕಾಗಿ ಕೂಡಲೇ ಶಸ್ತ್ರಕ್ರಿಯೆ ನಡೆಸಿದ ವೈದ್ಯ ಅಪರಾಧಿಯಲ್ಲವೆಂಬ ನಿದರ್ಶನ ಹಳೆಯ ಸಂಹಿತೆಯಲ್ಲೇ ಇದೆ.

ತೊಡಕು ಉಳಿದಿರುವುದು ಹನ್ನೆರಡರಿಂದ ಹದಿನೆಂಟರ ನಡುವಣ ವಯಸ್ಸಿನಲ್ಲಿ. ದಂಡ ಕಾನೂನು ಹನ್ನೆರಡನ್ನು ಗಡಿಯಾಗಿಸಿದರೆ, 1875ರ ವಯಸ್ಕತಾ ಅಧಿನಿಯಮ ಹದಿನೆಂಟನ್ನು ಗಡಿಯಾಗಿಸುತ್ತದೆ. ಇಂಗ್ಲೆಂಡಿನಲ್ಲಿ 1985ರ ಗಿಲಿಕ್ ತೀರ್ಪು ವಯಸ್ಸಿಗಿಂತ ಮಗುವಿನ ತಿಳಿವಳಿಕೆಗೆ ಮನ್ನಣೆ ನೀಡಿತು. ಭಾರತದ ಶಾಸನಗಳಲ್ಲಿ ಅಂತಹ ಸಾಮಾನ್ಯ ಸೂತ್ರವಿಲ್ಲದ ಕಾರಣ ಆಸ್ಪತ್ರೆಗಳು ರೂಢಿಯಂತೆ ಪಾಲಕರ ಸಹಿಯನ್ನೇ ಕೇಳುತ್ತವೆ.

ಒಟ್ಟಿನಲ್ಲಿ 'ಪಾಲಕ' ಶಬ್ದದಲ್ಲಿ ಕಾಪಾಡುವಿಕೆಯ ಅರ್ಥವಿದೆಯೇ ಹೊರತು ಒಡೆತನದ ಅರ್ಥವಿಲ್ಲ. 1956ರ ಅಧಿನಿಯಮದ 13ನೆಯ ಕಲಮು ಮಗುವಿನ ಹಿತವೇ ಸರ್ವೋಪರಿ ಎನ್ನುವಲ್ಲಿ ಕಾನೂನೂ ಈ ಅರ್ಥವನ್ನೇ ಎತ್ತಿಹಿಡಿಯುತ್ತದೆ. ಸಹಿ ಮಾಡುವ ಹಕ್ಕು ಆ ಹೊಣೆಯಿಂದ ಹುಟ್ಟಿದ್ದು; ಹೊಣೆಯನ್ನು ಮೀರಿದ ಹಕ್ಕು ಪಾಲಕರಿಗಿಲ್ಲ.