ಕೌದಿ ಹೊಲಿಗೆಯಲ್ಲಿ ಹಳೆಯ ಹೊಲಿಗೆ ಯಂತ್ರ

ಕೌದಿಯು ಹಳೆಯ ಸೀರೆ, ಧೋತರ ಮುಂತಾದ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಇದನ್ನು ಹಾಸಲು, ಹೊದೆಯಲು ಬಳಸುತ್ತಾರೆ. ಸಾಂಪ್ರದಾಯಿಕ ಕೌದಿಯು ಕೈಹೊಲಿಗೆಯದು. ತುಂಡುಗಳನ್ನು ಕೂಡಿಸುವ ಕೆಲಸಕ್ಕೆ ಯಂತ್ರವೂ ನೆರವಾಗುತ್ತದೆ.

ಯಂತ್ರದ ಹಿನ್ನೆಲೆ

ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದನು. ಭಾರತದಲ್ಲಿ ಸಿಂಗರ್, ಉಷಾ ಹೆಸರಿನ ಕಪ್ಪು ಯಂತ್ರಗಳು ಮನೆಮಾತಾದವು. ಇವುಗಳ ಎರಕದ ಕಬ್ಬಿಣದ ಒಡಲು ಭಾರವಾದುದರಿಂದ ದಪ್ಪ ಬಟ್ಟೆ ಹೊಲಿಯುವಾಗ ಕದಲುವುದಿಲ್ಲ. ಕಾಲಿನಿಂದ ತುಳಿಯುವ ಯಂತ್ರಕ್ಕೆ ವಿದ್ಯುತ್ತೂ ಬೇಡ.

ಕೊಳ್ಳುವಾಗ

ಹೊಳಪಿಗಿಂತ ಚಲನೆ ಮುಖ್ಯ. ಗಾಲಿಯನ್ನು ಕೈಯಿಂದ ತಿರುಗಿಸಿದಾಗ ಅದು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಒಣಗಿದ ಎಣ್ಣೆಯ ಬಿಗಿತವನ್ನು ಸೀಮೆಎಣ್ಣೆಯಿಂದ ತೊಳೆದು ಸಡಿಲಿಸಬಹುದು; ಸವೆದ ಹಲ್ಲುಗಳನ್ನಾಗಲಿ ಬಿರುಕು ಬಿಟ್ಟ ಒಡಲನ್ನಾಗಲಿ ಸರಿಪಡಿಸುವುದು ಕಷ್ಟ. ಬಾಬಿನ್ ಮತ್ತು ಅದರ ಡಬ್ಬಿ ಇವೆಯೇ ಎಂದು ನೋಡಬೇಕು. ಹಳೆಯ ಸೀರೆಯ ನಾಲ್ಕು ಪದರಗಳನ್ನು ಒಯ್ದು, ಅಲ್ಲಿಯೇ ಹೊಲಿದು ಪರೀಕ್ಷಿಸುವುದು ಉತ್ತಮ.

ಬಳಕೆ

ತುಂಡುಗಳನ್ನು ಕೂಡಿಸಲು 14ನೆಯ ಸಂಖ್ಯೆಯ ಸೂಜಿ ಸಾಕು. ದಪ್ಪ ಅಂಚಿಗೆ 16 ಅಥವಾ 18 ಬೇಕು. ಬಟ್ಟೆಯನ್ನು ಎಳೆದರೆ ಸೂಜಿ ಬಾಗಿ ಮುರಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು. ಅಡುಗೆಯ ಎಣ್ಣೆ ಅಂಟಾಗುತ್ತದೆ.

ಯಂತ್ರದ ಮಿತಿ

ಸವೆದ ಸೀರೆಗೆ ಯಂತ್ರದ ಒತ್ತಾದ ಹೊಲಿಗೆ ಹಾಕಿದರೆ ಬಟ್ಟೆ ಸಾಲಾಗಿ ಹರಿಯುವ ಸಂಭವವಿದೆ. ಆದ್ದರಿಂದ ತುಂಡುಗಳ ಜೋಡಣೆಯನ್ನು ಯಂತ್ರಕ್ಕೆ ಒಪ್ಪಿಸಿ, ಪದರಗಳನ್ನು ಹಿಡಿದಿಡುವ ಸಾಲುಹೊಲಿಗೆಯನ್ನು ಕೈಯಿಂದಲೇ ಹಾಕುವುದು ಲೇಸು. ಹೀಗೆ ಶ್ರಮವೂ ಉಳಿಯುತ್ತದೆ, ಕೌದಿಯ ಮೃದುತ್ವವೂ ಉಳಿಯುತ್ತದೆ.